ಕಾಣೆಯಾದವರ ಲೆಕ್ಕವನ್ನು ತಾಳೆ ನೋಡುವವರು ಯಾರು?

(ಭದ್ರಾವತಿಯ ಹೊಸಮನೆಯಲ್ಲಿ ಕೂಡಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ನಾವು ಮಾತನಾಡಬೇಕೆಂದು ಗೊತ್ತುಮಾಡಿರುವುದು ಕೂಲಿಯ ವಿಷಯವಲ್ಲ, ಸುಂಕದ ವಿಷಯವೂ ಅಲ್ಲ. ಮನೆಯಿಂದ ಹೊರಟವರು ಹಿಂದಿರುಗಿ ಬಾರದೆ ಹೋಗುವ ವಿಷಯ. ಇದು ರಾಜಕೀಯದವರು ಮಾತನಾಡತಕ್ಕ ಸಂಗತಿಯೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದ್ದು ನಮ್ಮ ಕಿವಿಗೂ ಬಿತ್ತು. ಕೇಳಿದವರು ಎದ್ದು ಹೋಗದೆ ಕೊನೆಯವರೆಗೆ ಕುಳಿತಿರಬೇಕೆಂದು ಪ್ರಾರ್ಥನೆ.

ಮೊದಲು ವರ್ತಕ ಮಿತ್ರರನ್ನು ಒಂದು ಮಾತು ಕೇಳುತ್ತೇವೆ. ನಿಮ್ಮ ಅಂಗಡಿಯಲ್ಲಿ ಕಿರ್ದಿ ಇರುತ್ತದೆ, ಖಾತೆ ಪುಸ್ತಕ ಇರುತ್ತದೆ. ದಿನದ ವಹಿವಾಟು ಕಿರ್ದಿಗೆ ಬೀಳುತ್ತದೆ. ಅಲ್ಲಿಂದ ಎತ್ತಿ ಅವರವರ ಖಾತೆಗೆ ಬರೆಯುತ್ತೀರಿ. ಗುಮಾಸ್ತನೊಬ್ಬ ಆರು ವರ್ಷ ಕಿರ್ದಿಯನ್ನು ಮಾತ್ರ ಬರೆದು ಖಾತೆಗೆ ಎತ್ತದೆ ಇದ್ದರೆ ಏನಾಗುತ್ತದೆ? ಪ್ರತಿಯೊಂದು ಸಾಲೂ ಸರಿಯಾಗಿಯೇ ಇರುತ್ತದೆ. ತಾರೀಖು ಇರುತ್ತದೆ, ರುಜು ಇರುತ್ತದೆ. ಆದರೆ ದಿನಕ್ಕೊಂದು ರೂಪಾಯಿ ಕದಿಯುವವನು ಅಂಗಡಿಯಲ್ಲೇ ಇದ್ದರೂ ಅವನು ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಸರ್ಕಾರದ ಮನೆಯಲ್ಲಿ ಇಂಥ ಲೆಕ್ಕವೊಂದಿದೆ. ಒಂದು ಪುಸ್ತಕದಲ್ಲಿ ಹೆಸರಿದ್ದು ಆಳಿಲ್ಲದವರು, ಅಂದರೆ ಕಾಣೆಯಾದವರು. ಇನ್ನೊಂದು ಪುಸ್ತಕದಲ್ಲಿ ದೇಹವಿದ್ದು ಹೆಸರಿಲ್ಲದವರು, ಅಂದರೆ ಗುರುತು ಸಿಗದ ಶವಗಳು. ಮೊದಲನೆಯ ಪುಸ್ತಕ ಹುಟ್ಟೂರಿನ ಠಾಣೆಯಲ್ಲಿ, ಎರಡನೆಯದು ಎಲ್ಲೋ ನೂರಾರು ಮೈಲಿ ದೂರದ ಠಾಣೆಯಲ್ಲಿ. ಎರಡನ್ನೂ ಎದುರೆದುರು ಇಟ್ಟುಕೊಂಡು ತಾಳೆ ನೋಡಿದರೆ ಮಾತ್ರ ಒಂದು ಮನೆಯ ಅಳು ಒಂದು ಕಡೆ ಮುಟ್ಟುತ್ತದೆ. ತಾಳೆ ನೋಡದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಆಗುಂಬೆ ಘಾಟಿ ಇಳಿದರೆ ಸಾಕು.

ದಕ್ಷಿಣ ಕನ್ನಡದ ಮೋಹನ್ ಕುಮಾರನ ಸಂಗತಿಯನ್ನು ತಾವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಸೈನೈಡ್ ಮೋಹನ ಎಂದರೆ ಗುರುತು ಹತ್ತುತ್ತದೆ. ಅವನು ಮೊದಲು ಸರ್ಕಾರಿ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದ. ನಾವೂ ಸೀಮೆಸುಣ್ಣ ಹಿಡಿದು ಅನ್ನ ತಿಂದವರು. ಈ ಮಾತು ಹೇಳುವಾಗ ನಾಲಗೆ ತೊಡರುತ್ತದೆ. 2003ರಿಂದ 2009ರವರೆಗೆ ಇಪ್ಪತ್ತು ಮಂದಿ ಹೆಂಗಸರನ್ನು ಕೊಂದನೆಂದು ಅವನ ಮೇಲೆ ಇಪ್ಪತ್ತು ಮೊಕದ್ದಮೆಗಳು ನಡೆದವು.

ಅವನು ಹುಡುಕುತ್ತಿದ್ದುದು ಎಂಥವರನ್ನು? ಬೀಡಿ ಕಟ್ಟುವವರು, ಅಂಗನವಾಡಿಯಲ್ಲಿ ದುಡಿಯುವವರು, ಹಾಸ್ಟೆಲಿನ ಅಡಿಗೆಮನೆಯಲ್ಲಿ ಬೇಯಿಸುವವರು. ಮದುವೆಯ ವಯಸ್ಸು ದಾಟುತ್ತಿದೆ, ಮನೆಯಲ್ಲಿ ವರದಕ್ಷಿಣೆಗೆ ಗತಿಯಿಲ್ಲ. ಅಂಥ ಮನೆಯ ಹುಡುಗಿಯ ಬಳಿಗೆ ಒಬ್ಬ ಸರ್ಕಾರಿ ನೌಕರ ಬರುತ್ತಾನೆ. ಅವಳ ಜಾತಿಯ ಹೆಸರನ್ನೇ ಹೇಳುತ್ತಾನೆ. ವರದಕ್ಷಿಣೆ ಬೇಡ ಎನ್ನುತ್ತಾನೆ. ಈ ಒಂದು ಮಾತಿಗೆ ಆ ಮನೆಗಳಲ್ಲಿ ಎಷ್ಟು ಬೆಲೆಯಿತ್ತೆಂಬುದನ್ನು ಹೆಣ್ಣು ಹೆತ್ತವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಇದ್ದಬದ್ದ ಒಡವೆ ಹಾಕಿಕೊಂಡು ಹುಡುಗಿ ಬಸ್ಸು ಹತ್ತುತ್ತಿದ್ದಳು. ಬೇರೆ ಜಿಲ್ಲೆಯ ಊರೊಂದರ ಲಾಡ್ಜಿನಲ್ಲಿ ಇಳಿಯುವುದು, ಮಾರನೆಯ ಬೆಳಿಗ್ಗೆ ಒಡವೆಯನ್ನು ಕೋಣೆಯಲ್ಲೇ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆದೊಯ್ಯುವುದು, ಬಸಿರಾಗದಿರುವ ಮಾತ್ರೆಯೆಂದು ಸೈನೈಡನ್ನು ಕೈಗೆ ಕೊಟ್ಟು ಶೌಚಾಲಯಕ್ಕೆ ಹೋಗಿ ನುಂಗೆಂದು ಹೇಳುವುದು. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವ ಹೊತ್ತಿಗೆ ಇವನು ಲಾಡ್ಜಿಗೆ ಹಿಂದಿರುಗಿ ಒಡವೆ ತೆಗೆದುಕೊಂಡು ಊರು ಬಿಟ್ಟಿರುತ್ತಿದ್ದ.

ಇದಿಷ್ಟು ಅವನ ಕಥೆ. ಅವನ ಕಥೆಯನ್ನು ಸಿನಿಮಾದವರು, ಟೆಲಿವಿಷನ್ನಿನವರು ಬೇಕಾದಷ್ಟು ಹೇಳಿದ್ದಾರೆ. ನಮಗೆ ಬೇಕಾಗಿರುವುದು ಪುಸ್ತಕದ ಕಥೆ.

ಹೆಣಗಳು ಸಿಕ್ಕಿದ್ದು ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರು ಮೊದಲಾದ ಊರುಗಳ ಬಸ್ ನಿಲ್ದಾಣಗಳಲ್ಲಿ. ಎಲ್ಲರೂ ಪ್ರಾಯದ ಹೆಂಗಸರು. ಒಳ್ಳೆಯ ಸೀರೆ ಉಟ್ಟವರು, ಆದರೆ ಮೈಮೇಲೆ ಒಡವೆಯಿಲ್ಲ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ. ಪ್ರತಿಯೊಂದು ಸಲವೂ ಪೋಲೀಸಿನವರು ಬಂದರು, ಮಹಜರು ಬರೆದರು, ಅಸ್ವಾಭಾವಿಕ ಮರಣವೆಂದು ದಾಖಲು ಮಾಡಿಕೊಂಡರು. ಒಳಗಿನಿಂದ ಚಿಲಕ ಹಾಕಿತ್ತಾದ್ದರಿಂದ ಆತ್ಮಹತ್ಯೆಯೆಂದು ತೀರ್ಮಾನವಾಯಿತು. ವಾರಸುದಾರರು ಬಾರದಿದ್ದಾಗ ಮಣ್ಣು ಮಾಡಿದರು. ಮೈಸೂರಿನ ಒಂದೇ ಬಸ್ ನಿಲ್ದಾಣದಲ್ಲಿ ಎಂಟು ಹೆಣ ಸಿಕ್ಕಿದ್ದವು. ಎಂಟು! ಒಂದೇ ನಿಲ್ದಾಣದ ಶೌಚಾಲಯದಲ್ಲಿ ಎಂಟು ಮಂದಿ ಒಡವೆಯಿಲ್ಲದ ಹೆಂಗಸರು ವಿಷ ತಿಂದು ಸತ್ತರೂ, ಇದೇನು ಹೀಗೆ ಎಂದು ಕೇಳುವವರು ಹುಟ್ಟಲಿಲ್ಲ. ನಮ್ಮ ಊಹೆಗೆ, ಆ ಶೌಚಾಲಯವನ್ನು ತೊಳೆಯುತ್ತಿದ್ದ ಹೆಂಗಸೊಬ್ಬಳಿದ್ದರೆ ಅವಳಿಗೆ ಖಂಡಿತವಾಗಿ ಹೊಳೆದಿರಬೇಕು. ಇನ್ಸ್‌ಪೆಕ್ಟರಿಗೆ ವರ್ಗವಾಗುತ್ತದೆ, ಡಾಕ್ಟರಿಗೆ ವರ್ಗವಾಗುತ್ತದೆ. ಪೊರಕೆ ಹಿಡಿದವಳಿಗೆ ವರ್ಗವಿಲ್ಲ. ಆದರೆ ಅವಳನ್ನು ಯಾರು ಕೇಳುತ್ತಾರೆ?

ಇತ್ತ ಬಂಟ್ವಾಳ, ಪುತ್ತೂರು, ಸುಳ್ಯ, ಕಾಸರಗೋಡುಗಳ ಕಡೆಯ ಮನೆಗಳಲ್ಲಿ ಹುಡುಗಿಯರು ಕಾಣೆಯಾಗುತ್ತಿದ್ದರು. ಕೆಲವರ ಮನೆಯವರು ಠಾಣೆಗೆ ಹೋದರು. ಕೆಲವರು ಹೋಗಲಿಲ್ಲ. ಮಗಳು ಹೇಳದೆ ಕೇಳದೆ ಹೋದಳೆಂದರೆ ಮನೆಯ ಮಾನಕ್ಕೆ ಕುಂದು. ತಂಗಿಯ ಮದುವೆಗೆ ಅಡ್ಡಿ. ಎಲ್ಲೋ ಮದುವೆಯಾಗಿ ಸುಖವಾಗಿದ್ದಾಳೆಂದು ನಂಬಿಕೊಂಡು ಸುಮ್ಮನಾದ ತಾಯಂದಿರೂ ಇದ್ದರು. ನೋಡಿ, ಈ ಕಡೆ ಮಾನಕ್ಕೆ ಅಂಜಿ ಪುಸ್ತಕಕ್ಕೇ ಬರಲಿಲ್ಲ; ಆ ಕಡೆ ಬಂದದ್ದನ್ನು ತಾಳೆ ನೋಡಲಿಲ್ಲ. ಈ ಎರಡರ ನಡುವೆ ಒಬ್ಬ ಮನುಷ್ಯ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿಕೊಂಡಿದ್ದ.

ಹಾಗಾದರೆ ಕೊನೆಗೆ ಸಿಕ್ಕಿದ್ದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಇದರಲ್ಲಿ ಜನಗಳ ಪಾತ್ರವಿದೆ, ಅದರಲ್ಲಿ ಹೆಮ್ಮೆ ಪಡಬೇಕಾದ್ದೂ ಉಂಟು, ತಲೆ ತಗ್ಗಿಸಬೇಕಾದ್ದೂ ಉಂಟು.

2009ರ ಜೂನ್ ತಿಂಗಳಲ್ಲಿ ಬಂಟ್ವಾಳ ತಾಲ್ಲೂಕಿನ ಹಳ್ಳಿಯೊಂದರ ಯುವತಿ ಕಾಣೆಯಾದಳು. ಈ ಸಲ ಅವಳ ಕಡೆಯ ಜನ ಸುಮ್ಮನಿರಲಿಲ್ಲ. ಗುಂಪು ಕೂಡಿ ಠಾಣೆಯ ಮುಂದೆ ನಿಂತರು, ಪತ್ತೆ ಮಾಡದಿದ್ದರೆ ಠಾಣೆಯನ್ನು ಉಳಿಸುವುದಿಲ್ಲವೆಂದರು. ಆ ಒತ್ತಾಯಕ್ಕೆ ಪೋಲೀಸಿನವರು ಆಕೆಯ ಮೊಬೈಲಿನ ಕರೆಗಳ ಪಟ್ಟಿ ತರಿಸಿ ನೋಡಿದರು. ರಾತ್ರಿ ಹೊತ್ತಿನಲ್ಲಿ ಒಂದೇ ಸಂಖ್ಯೆಯೊಂದಿಗೆ ಮಾತು ನಡೆದಿತ್ತು. ಆ ಸಂಖ್ಯೆ ಮಡಿಕೇರಿ ಕಡೆಯ ಒಬ್ಬ ಹೆಂಗಸಿನ ಹೆಸರಿನಲ್ಲಿತ್ತು. ಆಕೆಯನ್ನು ವಿಚಾರಿಸಲು ಹೋದರೆ ಆಕೆಯೇ ಕಾಣೆಯಾಗಿದ್ದಳು! ಆಕೆಯ ಕರೆಗಳ ಪಟ್ಟಿಯನ್ನು ಹಿಡಿದು ಹೊರಟರೆ ಕಾಸರಗೋಡು, ಪುತ್ತೂರು ಕಡೆಯ ಮತ್ತಷ್ಟು ಹೆಂಗಸರು, ಅವರೂ ಇಲ್ಲ. ಹೀಗೆ ಒಬ್ಬಳ ಹೆಸರಿನಿಂದ ಇನ್ನೊಬ್ಬಳ ಹೆಸರಿಗೆ ದಾರ ಬೆಳೆಯುತ್ತಾ ಹೋಗಿ, ಸತ್ತವರೊಬ್ಬರ ಮೊಬೈಲು ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ ಒಬ್ಬ ಹುಡುಗನ ಕೈಯಲ್ಲಿ ಸಿಕ್ಕಿತು. ಇದನ್ನು ಕೊಟ್ಟವರು ಯಾರು ಎಂದರೆ ನಮ್ಮ ಮಾವ ಎಂದ. ಆ ಮಾವನನ್ನು 2009ರ ಅಕ್ಟೋಬರಿನಲ್ಲಿ ಹಿಡಿದರು. ಆ ಮೇಲೆ ಬೇರೆ ಬೇರೆ ಊರುಗಳ ಠಾಣೆಗಳಿಂದ ಹಳೆಯ ಕಡತಗಳು ಒಂದೊಂದಾಗಿ ಹೊರಗೆ ಬಂದವು. ಒಂದೇ ಸೀರೆ, ಒಂದೇ ತಾರೀಖು, ಒಂದೇ ಮುಖ ಎರಡು ಪುಸ್ತಕಗಳಲ್ಲಿ ವರ್ಷಾನುಗಟ್ಟಲೆ ಬೇರೆ ಬೇರೆಯಾಗಿ ಬಿದ್ದಿತ್ತೆಂಬುದು ಆಗ ತಿಳಿಯಿತು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ಸೆಷನ್ಸ್ ನ್ಯಾಯಾಲಯ ಅವನಿಗೆ ಮೊದಲ ಮೊಕದ್ದಮೆಗಳಲ್ಲಿ ಗಲ್ಲು ವಿಧಿಸಿತು. 2017ರಲ್ಲಿ ಹೈಕೋರ್ಟು ಒಂದು ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಮೊಕದ್ದಮೆಯ ತೀರ್ಪು ಬರುವಾಗ 2020ರ ಜೂನ್ ಆಗಿತ್ತು.

ಇನ್ನು ತಲೆ ತಗ್ಗಿಸಬೇಕಾದ ಭಾಗ. ಆ ಜನ ಠಾಣೆಯ ಮುಂದೆ ಗುಂಪು ಕೂಡಿದ್ದು ಹುಡುಗಿ ಸಿಗಲಿಲ್ಲವೆಂದು ಮಾತ್ರವಲ್ಲ. ಅನ್ಯ ಧರ್ಮದ ಹುಡುಗನೊಬ್ಬ ಅವಳನ್ನು ಹಾರಿಸಿಕೊಂಡು ಹೋದನೆಂಬ ಪುಕಾರು ಎದ್ದಿತ್ತು. ಪುಕಾರು ಶುದ್ಧ ಸುಳ್ಳು. ಅವಳನ್ನು ಕರೆದೊಯ್ದವನು ಅನ್ಯ ಧರ್ಮದ ಹುಡುಗನೂ ಅಲ್ಲ, ಪ್ರೇಮಿಯೂ ಅಲ್ಲ; ಜಾತಿಯ ಹೆಸರು ಹೇಳಿಕೊಂಡು ಮನೆಯ ವಿಶ್ವಾಸ ಗಳಿಸಿದ ಮಾಜಿ ಮೇಷ್ಟರು. ಅಷ್ಟರಲ್ಲಿ ಯಾವನಾದರೂ ಬಡಪಾಯಿ ಆ ಗುಂಪಿನ ಕೈಗೆ ಸಿಕ್ಕಿದ್ದರೆ? ಅವನ ಮೂಳೆ ಉಳಿಯುತ್ತಿರಲಿಲ್ಲ, ಕೊಲೆಗಾರ ಮುಂದಿನ ಬಸ್ಸು ಹತ್ತುತ್ತಿದ್ದ. ಜನ ಪಟ್ಟುಹಿಡಿದು ನಿಂತದ್ದರಿಂದ ಕಡತ ಮೇಲೆ ಬಂತು, ಅದು ನಿಜ. ಆದರೆ ಜನ ಹಿಡಿದಿದ್ದ ದಾರ ತಪ್ಪು ದಾರ. ಸರಿಯಾದ ದಾರ ಇದ್ದದ್ದು ಕರೆಗಳ ಪಟ್ಟಿಯಲ್ಲಿ.

ಈ ಭೇದವನ್ನು ನಮ್ಮ ಯುವಕರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಇವತ್ತು ಪ್ರತಿಯೊಬ್ಬನ ಕಿಸೆಯಲ್ಲೂ ಮೊಬೈಲಿದೆ. ಎಲ್ಲೋ ಒಬ್ಬಳು ಕಾಣೆ, ಇನ್ನೆಲ್ಲೋ ಒಬ್ಬಳು ಕಾಣೆ, ಇವೆರಡಕ್ಕೂ ಸಂಬಂಧವುಂಟೇ ಎಂದು ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರು ಚಹದಂಗಡಿಯ ಮುಂದೆ ಚರ್ಚೆ ಮಾಡುವುದನ್ನು ನಾವು ಕೇಳಿದ್ದೇವೆ. ಕೆಲವರು ಅವರನ್ನು ನಗುತ್ತಾರೆ. ಕೆಲಸವಿಲ್ಲದ ಪತ್ತೇದಾರರು ಎನ್ನುತ್ತಾರೆ. ನಾವು ನಗುವುದಿಲ್ಲ. ಸಂಬಳ ತೆಗೆದುಕೊಳ್ಳುವವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಸಂಬಳವಿಲ್ಲದವನು ಕೇಳಿದರೆ ಅದರಲ್ಲಿ ನಗುವುದಕ್ಕೆ ಏನಿದೆ? ಆದರೆ ಪ್ರಶ್ನೆ ಕೇಳುವುದು ಬೇರೆ, ಉತ್ತರವನ್ನೂ ತಾವೇ ಹೇಳಿ ಒಬ್ಬನ ಭಾವಚಿತ್ರವನ್ನು ಊರಿಗೆಲ್ಲ ಹಂಚುವುದು ಬೇರೆ.

2018ರ ಬೇಸಿಗೆಯನ್ನು ನೆನಪು ಮಾಡಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆಂದು ಮೊಬೈಲಿನಲ್ಲಿ ಸುದ್ದಿ ಹರಡಿತು. ಯಾವ ಊರಲ್ಲಿ ಯಾವ ಮಗು ಕಾಣೆಯಾಯಿತೆಂದು ಒಬ್ಬರೂ ಕೇಳಲಿಲ್ಲ. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯ ಬಳಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಸ್ನೇಹಿತನ ಊರಿಗೆ ಬಂದಿದ್ದ ಹೈದರಾಬಾದಿನವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಇಷ್ಟೇ ತಪ್ಪು. ಮುರ್ಕಿ ಎಂಬಲ್ಲಿ ಅವರ ಕಾರನ್ನು ಅಡ್ಡಗಟ್ಟಿ ಹೊಡೆದರು. ಒಬ್ಬ ಇಂಜಿನಿಯರು ಸತ್ತ. ಹೊಡೆದವರಾರೂ ದುಷ್ಟರಲ್ಲ, ನಮ್ಮ ನಿಮ್ಮಂಥ ಗೃಹಸ್ಥರು. ಮಕ್ಕಳ ಮೇಲಿನ ಮಮತೆಯಿಂದಲೇ ಹೊಡೆದರು ಎಂಬುದು ನೆನೆಸಿಕೊಂಡರೆ ಇನ್ನೂ ಭಯವಾಗುತ್ತದೆ.

ಸುಳ್ಳು ದಾರ ಹಿಡಿದು ಕೆಟ್ಟವರು ಗುಂಪಿನ ಜನ ಮಾತ್ರವಲ್ಲ, ಪ್ರಪಂಚದ ಹೆಸರಾಂತ ಪೋಲೀಸಿನವರೂ ಹೌದು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ 1975ರಿಂದ 1980ರವರೆಗೆ ಪೀಟರ್ ಸಟ್‌ಕ್ಲಿಫ್ ಎಂಬವನು ಹದಿಮೂರು ಮಂದಿ ಹೆಂಗಸರನ್ನು ಕೊಂದ. ಪೋಲೀಸಿನವರು ಅವನನ್ನು ಒಂಬತ್ತು ಸಲ ವಿಚಾರಿಸಿ ಬಿಟ್ಟಿದ್ದರು. ಕಾರಣವೇನು? ಪ್ರತಿ ವಿಚಾರಣೆಯೂ ಒಂದೊಂದು ಚೀಟಿಯಲ್ಲಿ ಬರೆದಿತ್ತು. ಚೀಟಿಗಳು ಕೋಣೆ ತುಂಬಿದ್ದವು. ಒಂದು ಚೀಟಿಗೂ ಇನ್ನೊಂದಕ್ಕೂ ಭೇಟಿಯಿಲ್ಲ. ಅದರ ಮೇಲೆ ಯಾವನೋ ಕುಚೇಷ್ಟೆಗಾರ ತಾನೇ ಕೊಲೆಗಾರನೆಂದು ಕಾಗದ ಬರೆದು, ಧ್ವನಿ ಮುದ್ರಿಸಿ ಕಳುಹಿಸಿದ. ಆ ಧ್ವನಿಯ ಉಚ್ಚಾರಣೆ ಬೇರೆ ಸೀಮೆಯದು. ಪೋಲೀಸಿನವರು ಆ ಉಚ್ಚಾರಣೆಯವನನ್ನೇ ಹುಡುಕುತ್ತಾ ಹೋದರು, ಈ ಉಚ್ಚಾರಣೆಯ ಕೊಲೆಗಾರ ಮನೆಯಲ್ಲಿ ಊಟ ಮಾಡುತ್ತಿದ್ದ. 1981ರ ಜನವರಿಯಲ್ಲಿ ಅವನು ಸಿಕ್ಕಿದ್ದು ಕಾರಿಗೆ ಸುಳ್ಳು ನಂಬರು ಹಾಕಿಕೊಂಡಿದ್ದಕ್ಕೆ!

ಜನರು ಸರಿಯಾದ ದಾರವನ್ನು ಹಿಡಿದ ಉದಾಹರಣೆಯೂ ಬೇಕಲ್ಲವೆ? ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಡೌನ್‌ಟೌನ್ ಈಸ್ಟ್‌ಸೈಡ್ ಎಂಬ ಬಡವರ ಪೇಟೆಯಿದೆ. ಅಲ್ಲಿ 1990ರ ದಶಕದಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದರು. ಅವರಲ್ಲಿ ಬಹಳ ಮಂದಿ ಆ ದೇಶದ ಮೂಲನಿವಾಸಿಗಳು. ಹಲವರು ಮೈ ಮಾರಿಕೊಂಡು ಹೊಟ್ಟೆ ಹೊರೆಯುತ್ತಿದ್ದವರು. ಇಂಥವರು ಇವತ್ತು ಇಲ್ಲಿ, ನಾಳೆ ಅಲ್ಲಿ, ಅವರನ್ನು ಏನು ಹುಡುಕುವುದು ಎಂದು ಅಧಿಕಾರಿಗಳು ಕೈಚೆಲ್ಲಿದರು. ಆದರೆ ಅವರ ಗೆಳತಿಯರಿಗೆ, ಅಕ್ಕತಂಗಿಯರಿಗೆ ಗೊತ್ತಿತ್ತು. ಮಗುವಿನ ಹುಟ್ಟುಹಬ್ಬಕ್ಕೆ ತಪ್ಪದೆ ಬರುತ್ತಿದ್ದವಳು ಬರಲಿಲ್ಲ, ತಿಂಗಳ ಸಹಾಯಧನದ ಚೆಕ್ಕು ತೆಗೆದುಕೊಂಡಿಲ್ಲ. ಇವಳು ಊರು ಬಿಟ್ಟವಳಲ್ಲ, ಇವಳಿಗೆ ಏನೋ ಆಗಿದೆ. ಹೀಗೆ ಹೆಸರು ಹೆಸರು ಕೂಡಿಸಿದವರು ಅವರು. 1992ರಿಂದ ಪ್ರತಿ ಫೆಬ್ರವರಿ 14ರಂದು ಆ ಹೆಸರುಗಳನ್ನು ಕೂಗಿ ಹೇಳುತ್ತಾ ಬೀದಿಯಲ್ಲಿ ಮೆರವಣಿಗೆ ಹೊರಟರು. ಪೋಲೀಸು ಇಲಾಖೆಯೊಳಗೇ ಇದ್ದ ಒಬ್ಬ ಅಧಿಕಾರಿಯೂ ಇದು ಒಬ್ಬನ ಕೈವಾಡವಿರಬಹುದೆಂದು ಎಚ್ಚರಿಸಿದರೆ ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 2002ರಲ್ಲಿ ರಾಬರ್ಟ್ ಪಿಕ್ಟನ್ ಎಂಬ ಹಂದಿ ಸಾಕುವವನ ಹೊಲದಲ್ಲಿ ಅವರ ಅವಶೇಷಗಳು ಸಿಕ್ಕವು. ಸರ್ಕಾರ ನೇಮಿಸಿದ ವಿಚಾರಣಾ ಆಯೋಗ 2012ರಲ್ಲಿ ವರದಿ ಕೊಟ್ಟು, ಕಾಣೆಯಾದವರು ಬಡ ಹೆಂಗಸರಾದ್ದರಿಂದಲೇ ಪೋಲೀಸಿನವರು ಉದಾಸೀನ ಮಾಡಿದರೆಂದು ಒಪ್ಪಿಕೊಂಡಿತು. ಬಿಡಿ, ಹತ್ತು ವರ್ಷದ ಮೇಲೆ ಒಪ್ಪಿಕೊಂಡರೆ ಯಾರ ಮಗಳು ಎದ್ದು ಬಂದಾಳು?

ನಮ್ಮ ದೇಶದ ನಿಠಾರಿಯೂ ಅದೇ. ದೆಹಲಿಯ ಪಕ್ಕದ ನೋಯಿಡಾದಲ್ಲಿ ಕೂಲಿಕಾರರ ಮಕ್ಕಳು ಕಾಣೆಯಾಗುತ್ತಿದ್ದಾಗ ತಂದೆತಾಯಿಗಳು ಎಷ್ಟು ಅಲೆದರೂ ಕೇಳುವವರಿರಲಿಲ್ಲ. 2006ರ ಡಿಸೆಂಬರಿನಲ್ಲಿ ಬಂಗಲೆಯ ಹಿಂದಿನ ಚರಂಡಿಯಲ್ಲಿ ಎಲುಬು ಸಿಕ್ಕಿದ ಮೇಲೆ ದೇಶವೆಲ್ಲ ಗದ್ದಲವಾಯಿತು. ಆಪಾದಿತರಿಗೆ ಕೆಳಗಿನ ಕೋರ್ಟು ಗಲ್ಲು ವಿಧಿಸಿತು. ತನಿಖೆ ಕೆಟ್ಟದಾಗಿ ನಡೆದಿದೆಯೆಂದು 2023ರಲ್ಲಿ ಅಲಹಾಬಾದ್ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು. 2025ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಮಕ್ಕಳನ್ನು ಕೊಂದವರು ಯಾರು? ಮೊದಲ ಮಗು ಕಾಣೆಯಾದ ದಿನವೇ ಸರಿಯಾಗಿ ಬರೆದುಕೊಂಡಿದ್ದರೆ ಈ ಪ್ರಶ್ನೆ ಇಂದು ಗಾಳಿಯಲ್ಲಿ ತೂಗುತ್ತಿರಲಿಲ್ಲ.

ಧರ್ಮಸ್ಥಳದ ಬಗ್ಗೆ ಏನು ಹೇಳುತ್ತೀರಿ ಎಂದು ಸಭೆಗೆ ಮುಂಚೆಯೇ ಇಬ್ಬರು ಮೂವರು ಕೇಳಿದರು. 2025ರ ಜುಲೈನಲ್ಲಿ ಮಾಜಿ ಸ್ವಚ್ಛತಾ ಕೆಲಸಗಾರನೊಬ್ಬ ತಾನು ಅನೇಕ ಶವಗಳನ್ನು ಹೂತಿದ್ದೆನೆಂದು ಹೇಳಿಕೆ ಕೊಟ್ಟ. ಸರ್ಕಾರ ವಿಶೇಷ ತನಿಖಾ ದಳವನ್ನು ರಚಿಸಿತು. ಆಗಸ್ಟಿನಲ್ಲಿ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಅವನನ್ನೇ ಬಂಧಿಸಿದರು. ಅದರ ಸತ್ಯಾಸತ್ಯವನ್ನು ವೇದಿಕೆಯ ಮೇಲಿಂದ ತೀರ್ಮಾನ ಮಾಡುವ ಅಧಿಕಾರ ನಮಗಿಲ್ಲ, ನಿಮಗೂ ಇಲ್ಲ. ಅಂಥ ಮಾತು ಎದ್ದ ದಿನ, ಇಂಥ ವರ್ಷ ಇಂಥ ಠಾಣೆಯಲ್ಲಿ ಗುರುತಿಲ್ಲದ ಇಷ್ಟು ಶವ, ಇಷ್ಟು ಮಂದಿ ಕಾಣೆ ಎಂದು ಪುಸ್ತಕ ತೆಗೆದು ಎದುರಿಗಿಡುವಂತಿದ್ದರೆ, ಸುಳ್ಳು ಹೇಳುವವನ ಸುಳ್ಳೂ ನಿಲ್ಲುವುದಿಲ್ಲ, ನಿಜ ಹೇಳುವವನ ನಿಜವೂ ಅಡಗುವುದಿಲ್ಲ. ನಮ್ಮ ವಾದ ಅಷ್ಟಕ್ಕೆ ನಿಲ್ಲುತ್ತದೆ.

ಪುಸ್ತಕಗಳನ್ನು ಜೋಡಿಸುವುದಕ್ಕೆ ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅದೇ 2009ರಲ್ಲಿ ದೇಶದ ಠಾಣೆಗಳನ್ನೆಲ್ಲ ಕಂಪ್ಯೂಟರಿನಿಂದ ಒಂದಕ್ಕೊಂದು ಬೆಸೆಯುವ ಯೋಜನೆಗೆ ಕೇಂದ್ರ ಸರ್ಕಾರ ಮಂಜೂರಾತಿ ಕೊಟ್ಟಿತು. ಈಗ ಅದು ನಡೆಯುತ್ತಿದೆ. ಆದರೆ ಯಂತ್ರ ತಾನಾಗಿ ತಾಳೆ ನೋಡುವುದಿಲ್ಲ. ಬಟ್ಟೆಯ ಬಣ್ಣ, ಮೈಮೇಲಿನ ಗುರುತು, ಹಲ್ಲಿನ ವಿವರ ಇವನ್ನು ಠಾಣೆಯಲ್ಲಿ ಒಬ್ಬನು ಸರಿಯಾಗಿ ಬರೆದಿದ್ದರೆ ತಾನೆ ಯಂತ್ರಕ್ಕೆ ಸಿಗುವುದು? ಸುಮಾರು ಮೂವತ್ತು ವರ್ಷದ ಹೆಂಗಸು, ಸಾಧಾರಣ ಮೈಕಟ್ಟು ಎಂದು ಬರೆದರೆ ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧ ಮಂದಿ ಅದೇ ಆಗುತ್ತಾರೆ. ಕಾಣೆಯಾದವರ ಬಂಧುಗಳ ಡಿ.ಎನ್.ಎ. ಒಂದು ಸೂಚಿಯಲ್ಲಿ, ಗುರುತಿಲ್ಲದ ಶವಗಳದ್ದು ಇನ್ನೊಂದು ಸೂಚಿಯಲ್ಲಿ ಇಟ್ಟು ಹೋಲಿಸಬೇಕೆಂಬ ಮಸೂದೆಯೊಂದು 2019ರಲ್ಲಿ ಲೋಕಸಭೆಗೆ ಬಂದಿತ್ತು. ಅದರಲ್ಲಿ ಬೇರೆ ದೋಷಗಳೂ ಇದ್ದವು, ನಾಗರಿಕರ ಗುಟ್ಟು ಸರ್ಕಾರದ ಕೈಗೆ ಹೋಗುವುದೆಂಬ ಆಕ್ಷೇಪಣೆಯನ್ನು ನಾವೂ ಒಪ್ಪುತ್ತೇವೆ. ದೋಷ ತಿದ್ದಿ ತರಬೇಕಾಗಿತ್ತು. 2023ರ ಜುಲೈನಲ್ಲಿ ಮಸೂದೆಯನ್ನೇ ಹಿಂದಕ್ಕೆ ತೆಗೆದುಕೊಂಡರು.

ಈಗ ನ್ಯಾಯದ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮ ಮಾತು ಒಂಟಿಕಾಲಿನದಾಗುತ್ತದೆ. ಈಚೆಗೆ ನಮ್ಮಲ್ಲಿಗೆ ಒಬ್ಬ ತಾಯಿ ಬಂದಿದ್ದರು. ಮಗಳಿಗೆ ಇಪ್ಪತ್ತೊಂದು ವರ್ಷ, ಮನೆಯಿಂದ ಹೋಗಿ ಐದು ದಿನವಾಗಿತ್ತು. ಠಾಣೆಯಲ್ಲಿ, “ಪ್ರಾಯದ ಹುಡುಗಿ, ಯಾರ ಜೊತೆಗೋ ಹೋಗಿರುತ್ತಾಳೆ, ತಾನೇ ಬರುತ್ತಾಳೆ, ಹೋಗಮ್ಮ” ಎಂದು ಕಳುಹಿಸಿದ್ದರು. ಯಾವ ಠಾಣೆ ಎಂಬುದು ಇಲ್ಲಿ ಬೇಡ. ಆ ಐದು ದಿನಗಳಲ್ಲಿ ನೆರೆಹೊರೆಯವರು ಆ ಹುಡುಗಿಗೆ ಮೂವರು ಗಂಡಂದಿರನ್ನು ಕಟ್ಟಿ ಮುಗಿಸಿದ್ದರು! ನಾವು ಜೊತೆಗೆ ಹೋಗಿ ದೂರು ಬರೆಸಿದೆವು. ಹನ್ನೆರಡನೆಯ ದಿನ ತಿಳಿಯಿತು, ಹುಡುಗಿ ಬೆಂಗಳೂರಿನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿ ಗೆಳತಿಯ ಕೋಣೆಯಲ್ಲಿದ್ದಳು. ಒಲ್ಲದ ಸಂಬಂಧಕ್ಕೆ ಒತ್ತಾಯ ಮಾಡುತ್ತಾರೆಂದು ಹೇಳದೆ ಹೋಗಿದ್ದಳು. ಅವಳು ಬರುವುದಿಲ್ಲ ಎಂದಳು, ಬರಲೂ ಇಲ್ಲ. ತಾಯಿಗೆ ಮಗಳು ಬದುಕಿದ್ದಾಳೆಂಬ ಸಮಾಧಾನವಾಯಿತು, ನಮ್ಮ ಕೆಲಸವೂ ಅಲ್ಲಿಗೆ ಮುಗಿಯಿತು. ಪ್ರಾಯಕ್ಕೆ ಬಂದವಳಿಗೆ ತನ್ನ ದಾರಿ ತಾನು ನೋಡಿಕೊಳ್ಳುವ ಹಕ್ಕಿದೆ. ಹುಡುಕುವುದೆಂದರೆ ಹಿಡಿದು ತರುವುದೆಂದು ಯಾರೂ ತಿಳಿಯಬಾರದು. ಜೀವಂತವಾಗಿದ್ದಾಳೆ, ಯಾರ ಬಲವಂತವೂ ಇಲ್ಲ ಎಂದು ಗೊತ್ತಾದರೆ ಸಾಕು.

ನಮ್ಮ ಊರಿಗೆ ಈ ವಿಷಯ ಏಕೆ ಬೇಕು? ಹಿಂದೆ ಭದ್ರಾವತಿಗೆ ಜನ ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಕಾಗದದ ಕಾರ್ಖಾನೆ 2015ರಲ್ಲಿ ನಿಂತ ಮೇಲೆ, ಕಬ್ಬಿಣದ ಕಾರ್ಖಾನೆಯ ಪಾಡು ಹೀಗಾದ ಮೇಲೆ, ನಮ್ಮ ಮಕ್ಕಳೇ ಕೆಲಸ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದಾರೆ. ಬೆಳಗಿನ ರೈಲಿನಲ್ಲಿ ತರೀಕೆರೆ, ಬೀರೂರು, ಕಡೂರು ದಾಟಿ ಹೋಗುವವರಲ್ಲಿ ಎಷ್ಟು ಮಂದಿಯ ವಿಳಾಸ ಮನೆಯವರಿಗೆ ಗೊತ್ತಿದೆ? ಕಂಟ್ರಾಕ್ಟುದಾರನ ಹೆಸರು ಗೊತ್ತಿದೆಯೆ? ಗಂಡಸರು ಕಾಣೆಯಾಗುವುದಿಲ್ಲವೆಂದು ಯಾರೂ ಭಾವಿಸಬೇಡಿ. ಗಾರೆ ಕೆಲಸಕ್ಕೆ, ಹೋಟೆಲು ಕೆಲಸಕ್ಕೆ ಹೋದ ಗಂಡನಿಂದ ಸುದ್ದಿ ನಿಂತುಹೋದರೆ ಹೆಂಡತಿ ಇತ್ತ ಮುತ್ತೈದೆಯೂ ಅಲ್ಲ, ಅತ್ತ ವಿಧವೆಯೂ ಅಲ್ಲ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆಂದು ಸಾಕ್ಷ್ಯದ ಕಾನೂನು ಹೇಳುತ್ತದೆ. ಆದರೆ ಏಳು ವರ್ಷ ಎಂದಿನಿಂದ ಎಂಬುದಕ್ಕೆ ಕಾಗದ ಬೇಕಲ್ಲ? ಹೋದ ತಿಂಗಳೇ ಠಾಣೆಯಲ್ಲಿ ದೂರು ಬರೆಸಿದ್ದರೆ ಅದೇ ಕಾಗದ. ಬರೆಸದೆ ಇದ್ದವಳು ಭವಿಷ್ಯನಿಧಿಯ ಹಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ.

ಕಾನೂನಿನಲ್ಲಿ ನಿಮಗಿರುವ ಬಲವನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಹದಿನೆಂಟು ತುಂಬದ ಮಗು ಕಾಣೆಯಾದರೆ ಅಪಹರಣವೆಂದೇ ಭಾವಿಸಿ ಪ್ರಥಮ ವರ್ತಮಾನ ವರದಿ ಬರೆದುಕೊಳ್ಳತಕ್ಕದ್ದೆಂದು ಸುಪ್ರೀಂ ಕೋರ್ಟು 2013ರ ಮೇ ತಿಂಗಳಲ್ಲಿ ಆಜ್ಞೆ ಮಾಡಿದೆ. ಒಂದು ದಿನ ಕಾದು ನೋಡಿ ಎನ್ನುವ ಮಾತಿಗೆ ಅಲ್ಲಿ ಎಡೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಬಂಧನಯೋಗ್ಯ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದರ ನಕಲನ್ನು ಕಾಸು ತೆಗೆದುಕೊಳ್ಳದೆ ಕೊಡಬೇಕು. ಠಾಣೆಯವರು ಬರೆದುಕೊಳ್ಳದಿದ್ದರೆ ಅಂಚೆಯ ಮೂಲಕ ಜಿಲ್ಲಾ ಪೋಲೀಸು ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು. ಯಾರಾದರೂ ಅಕ್ರಮವಾಗಿ ಹಿಡಿದಿಟ್ಟಿದ್ದಾರೆಂಬ ಶಂಕೆಯಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವುದಕ್ಕೂ ದಾರಿಯಿದೆ.

ನಾವು ಹಳ್ಳಿಯ ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದಾಗ ಒಂದು ಪದ್ಧತಿಯಿತ್ತು. ಮೂರು ದಿನ ಹೆಸರು ಕೂಗಿದಾಗಲೂ ಉತ್ತರ ಬಾರದಿದ್ದರೆ ಪಕ್ಕದ ಮನೆಯ ಹುಡುಗನನ್ನು ಕಳುಹಿಸುತ್ತಿದ್ದೆವು. ಜ್ವರವೋ, ದನ ಕಾಯುವುದಕ್ಕೆ ಹೋಗಿದ್ದಾನೋ, ಏನಾದರೊಂದು ಗೊತ್ತಾಗುತ್ತಿತ್ತು. ಅದಕ್ಕೆ ದೊಡ್ಡ ಬುದ್ಧಿವಂತಿಕೆ ಬೇಕಾಗಿರಲಿಲ್ಲ. ಕಾರ್ಖಾನೆಯಲ್ಲೂ ಹಾಜರಿ ಪುಸ್ತಕವಿದೆ. ಆದರೆ ಅಲ್ಲಿ ಬಾರದವನ ಕೂಲಿ ಕತ್ತರಿಸುತ್ತಾರೆ, ಏಕೆ ಬರಲಿಲ್ಲ ಎಂದು ಮನೆಗೆ ಆಳು ಕಳುಹಿಸುವುದಿಲ್ಲ.

ಆದುದರಿಂದ ನಮ್ಮ ಸಮಿತಿ ಒಂದು ಸಣ್ಣ ಕೆಲಸವನ್ನು ಕೈಗೆತ್ತಿಕೊಂಡಿದೆ. ಬರುವ ಭಾನುವಾರದಿಂದ ನಮ್ಮ ವಾಚನಾಲಯದಲ್ಲಿ ಎರಡು ಪುಸ್ತಕಗಳನ್ನು ಇಡುತ್ತೇವೆ. ಒಂದರಲ್ಲಿ ನಮ್ಮ ಊರಿನಿಂದ, ಸುತ್ತಣ ಹಳ್ಳಿಗಳಿಂದ ಕಾಣೆಯಾದವರ ವಿವರ: ಹೋದ ದಿನ, ಹೊತ್ತು, ಹತ್ತಿದ ಬಸ್ಸು ಅಥವಾ ರೈಲು, ಉಟ್ಟ ಬಟ್ಟೆ, ಒಡವೆ, ಮೈಮೇಲಿನ ಗುರುತು, ಮೊಬೈಲಿನ ಸಂಖ್ಯೆ, ಕೊನೆಯಲ್ಲಿ ಯಾರೊಂದಿಗೆ ಏನು ಹೇಳಿದ್ದರು ಎಂಬುದು, ಠಾಣೆಯ ದೂರಿನ ನಂಬರು. ಮನೆಯವರು ಒಪ್ಪಿ ರುಜು ಹಾಕಿದರೆ ಮಾತ್ರ ಬರೆಯುತ್ತೇವೆ. ಇನ್ನೊಂದರಲ್ಲಿ, ಗುರುತಿಲ್ಲದ ಶವ ಸಿಕ್ಕಿದೆಯೆಂದು ಪೋಲೀಸಿನವರು ಪತ್ರಿಕೆಗಳಲ್ಲಿ ಕೊಡುವ ಪ್ರಕಟಣೆಗಳನ್ನು ಕತ್ತರಿಸಿ ಅಂಟಿಸುತ್ತೇವೆ. ಅವು ಒಳಪುಟದ ಮೂಲೆಯಲ್ಲಿ ಬೆರಳಗಲದಲ್ಲಿ ಅಚ್ಚಾಗುತ್ತವೆ; ಚಿನ್ನದ ಧಾರಣೆ ನೋಡುವ ನಮ್ಮ ಕಣ್ಣು ಅದನ್ನು ದಾಟಿ ಹೋಗುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಹಾಸನ ಆವೃತ್ತಿಗಳು ನಾಲ್ಕೂ ಬೇಕು.

ಮೊದಲನೆಯ ಪುಸ್ತಕದಲ್ಲಿ ಜಾತಿಯ ಅಂಕಣ ಇರುವುದಿಲ್ಲ. ಯಾರ ಮೇಲೆ ಸಂಶಯ ಎಂಬ ಅಂಕಣವೂ ಇರುವುದಿಲ್ಲ. ಈ ಬಗ್ಗೆ ಸಮಿತಿಯಲ್ಲಿ ಎರಡು ಗಂಟೆ ಜಗಳವಾಯಿತು. ಸಂಶಯ ಬರೆಯದೆ ಇದ್ದರೆ ಪತ್ತೆ ಹೇಗೆ ಎಂದು ಕೆಲವರು ಕೇಳಿದರು. ಸಂಶಯವನ್ನು ಮನೆಯವರು ಠಾಣೆಯಲ್ಲಿ ರುಜು ಹಾಕಿ ಹೇಳಲಿ, ಅದಕ್ಕೆ ಅವರು ಜವಾಬ್ದಾರರು. ವಾಚನಾಲಯದ ಮೇಜಿನ ಮೇಲೆ ಬಿದ್ದ ಸಂಶಯಕ್ಕೆ ಯಾರೂ ಜವಾಬ್ದಾರರಲ್ಲ, ಅದು ಸಂಜೆಯೊಳಗೆ ಊರು ಸುತ್ತುತ್ತದೆ. ಎರಡು ಪುಸ್ತಕಗಳಲ್ಲಿ ಏನಾದರೂ ಹೊಂದುವಂತೆ ಕಂಡರೆ, ಮೊದಲು ಮನೆಯವರಿಗೆ ತಿಳಿಸಿ, ಆ ಮೇಲೆ ಬರಹದಲ್ಲಿ ಠಾಣೆಗೆ ಕೊಟ್ಟು, ಒಂದು ನಕಲನ್ನು ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸುತ್ತೇವೆ. ಮೊಬೈಲಿನಲ್ಲಿ ಹಂಚುವುದಿಲ್ಲ. ಹಂಚಿದವರನ್ನು ಮಾರನೆಯ ದಿನದಿಂದ ಈ ಕೆಲಸಕ್ಕೆ ಸೇರಿಸುವುದಿಲ್ಲ. ನಮ್ಮ ಪಕ್ಷದವರಾದರೂ ಸರಿಯೆ.

ಇದಕ್ಕೆ ನಾಲ್ಕು ಜನ ಬೇಕು. ಕನ್ನಡ ಓದಲು, ಸ್ಫುಟವಾಗಿ ಬರೆಯಲು ಬಂದರೆ ಸಾಕು. ಇಬ್ಬರು ಮೊದಲ ಪಾಳಿಯವರು, ಇಬ್ಬರು ಎರಡನೆಯ ಪಾಳಿಯವರಾದರೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬಾಗಿಲು ತೆರೆಯಬಹುದು. ನಾಲ್ವರಲ್ಲಿ ಇಬ್ಬರಾದರೂ ಹೆಂಗಸರಾಗಬೇಕು. ಏಕೆಂದರೆ ಬರುವ ತಾಯಂದಿರು ಗಂಡಸರ ಮುಂದೆ ಎಲ್ಲವನ್ನೂ ಹೇಳಲಾರರು. ಪುಸ್ತಕವನ್ನೂ ಅಂಟನ್ನೂ ಚನ್ನಗಿರಿ ರಸ್ತೆಯ ಅಂಗಡಿಯವರೊಬ್ಬರು ಕೊಡುವುದಾಗಿ ಹೇಳಿದ್ದಾರೆ. ವರ್ತಕ ಮಿತ್ರರಲ್ಲಿ ಒಂದೇ ಬೇಡಿಕೆ: ಪೊಟ್ಟಣ ಕಟ್ಟುವುದಕ್ಕೆಂದು ತರುವ ಹಳೆಯ ಪತ್ರಿಕೆಗಳನ್ನು ಹರಿಯುವ ಮುಂಚೆ ಒಂದು ದಿನದ ಮಟ್ಟಿಗೆ ನಮ್ಮ ವಾಚನಾಲಯಕ್ಕೆ ಕಳುಹಿಸಿಕೊಡಿ. ಕತ್ತರಿಸಿಕೊಂಡು, ಉಳಿದದ್ದನ್ನು ತೂಕ ಮಾಡಿ ಹಿಂದಕ್ಕೆ ಕೊಡುತ್ತೇವೆ.